ಅಜ್ಜನ ಲಾಂಗ್‌ಬುಕ್ ನಾಲ್ಕು ಜನಕ್ಕೆ ಸಿಗೋದು ಹೇಗೆ?

ವಂಶವೃಕ್ಷ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನಕ್ಕೆ ನೆನಪಾಗೋದು ನಾಡಕಚೇರಿ. ಮನೆಯ ಹಿರಿಯರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಆಗಬೇಕು, ಅದಕ್ಕೊಂದು ವಂಶವೃಕ್ಷ ಬೇಕು, ಒಂದು ಸೀಲು ಬಿದ್ದರೆ ಕೆಲಸ ಮುಗೀತು. ಆದರೆ ಕೆಲವು ಮನೆಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸವೊಂದು ಸದ್ದಿಲ್ಲದೆ ನಡೆದಿರುತ್ತೆ. ಒಬ್ಬ ದೊಡ್ಡಪ್ಪನೋ, ರಿಟೈರ್ ಆದ ಮೇಷ್ಟ್ರೋ, ಮದುವೆ ಮುಂಜಿಗೆ ಹೋದಾಗಲೆಲ್ಲ ವಯಸ್ಸಾದವರ ಪಕ್ಕ ಕೂತು ಹೆಸರು ಕೇಳಿ ಕೇಳಿ ಬರೆದಿಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಅದು ಅಜ್ಜನ 3 ಲಾಂಗ್‌ಬುಕ್. 20 ವರ್ಷಕ್ಕೂ ಹೆಚ್ಚಿನ ದುಡಿಮೆ. ಈಗ ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. "ಇದು ನಾಲ್ಕು ಜನಕ್ಕೆ ಸಿಗೋ ಹಾಗೆ ಮಾಡಿ" ಅಂತ ಮೂವರು ಕಸಿನ್‌ಗಳಾದ ನಮ್ಮ ಕೈಗೆ ಕೊಟ್ಟಿದ್ದಾರೆ.

ಎಲ್ಲಾ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಆಯ್ತಲ್ಲ ಅಂತ ಯಾರಿಗಾದರೂ ಅನ್ನಿಸುತ್ತೆ. ಫೋಟೋ ತೆಗೆಯೋದು ಮೊದಲ ಕೆಲಸ, ನಿಜ, ಗೆದ್ದಲು ನಮಗೋಸ್ಕರ ಕಾಯಲ್ಲ. ಆದರೆ ಅದು ಮನೆಯವರಿಗೆ ಮಾತ್ರ ಅರ್ಥ ಆಗುತ್ತೆ. "ಮೇಲಿನ ಮನೆ ಚಿಕ್ಕಪ್ಪನ ಎರಡನೆಯವನು" ಅಂದರೆ ಹೊರಗಿನವರಿಗೆ ಯಾರು ಅಂತ ಗೊತ್ತಾಗಬೇಕು? ಅಜ್ಜ ಹೇಳಿದ ಆ ನಾಲ್ಕು ಜನ ಅಂದರೆ ನಮ್ಮನ್ನ ಯಾವತ್ತೂ ನೋಡದವರು. 100 ವರ್ಷದ ಹಿಂದೆ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳ ಮರಿಮಕ್ಕಳು ಇರಬಹುದು, ಊರಿನ ಇತಿಹಾಸ ಬರೆಯೋರು ಇರಬಹುದು. ಅವರಿಗೆ ಬರೀ ಹೆಸರು ಸಾಕಾಗಲ್ಲ. ಪ್ರತಿ ಸಾಲಿನ ಮುಂದೆ "ಇದು ನಿಮಗೆ ಹೇಗೆ ಗೊತ್ತು?" ಅನ್ನೋದಕ್ಕೆ ಉತ್ತರ ಬೇಕು.

ಉತ್ತರ ಕರ್ನಾಟಕದ ಗೆಳೆಯರಿಗೆ ಹೆಳವರು ಗೊತ್ತಿರುತ್ತಾರೆ. ಎತ್ತಿನ ಜೊತೆ ಊರೂರು ತಿರುಗಿ, ಒಕ್ಕಲು ಮನೆ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರು, ಅವರು ಎಲ್ಲಿಂದ ಬಂದರು ಅನ್ನೋದನ್ನ ಹೇಳುವವರು. ಹೊಸದಾಗಿ ಹುಟ್ಟಿದವರನ್ನ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಇಂಥದ್ದೇ ಕೆಲಸ ಮಾಡೋರಿಗೆ ಗ್ರಿಯೋ ಅಂತಾರೆ. ಮನೆಯ ಇತಿಹಾಸವನ್ನ ಜಗತ್ತಿಗೇ ಹಂಚಿದ ಅತಿ ಪ್ರಸಿದ್ಧ ಉದಾಹರಣೆ ಶುರುವಾಗೋದು ಅಂಥವರಿಂದಲೇ.

ಅಮೆರಿಕದ ಅಲೆಕ್ಸ್ ಹೇಲಿ ಹತ್ತಾರು ವರ್ಷ ಹುಡುಕಾಡಿ 1976ರಲ್ಲಿ 'ರೂಟ್ಸ್' ಪ್ರಕಟಿಸಿದರು. ಗ್ಯಾಂಬಿಯಾದ ಜುಫುರೆ ಹಳ್ಳಿಯಲ್ಲಿ ಒಬ್ಬ ಹಿರಿಯರು ಕುಂಟಾ ಕಿಂಟೆಯ ಕಥೆ ಹೇಳಿದ್ದರು. ಆತನನ್ನ ಹಡಗಿನಲ್ಲಿ ಗುಲಾಮನಾಗಿ ಸಾಗಿಸಿ 1767ರಲ್ಲಿ ಅನಾಪೊಲಿಸ್ ಬಂದರಿಗೆ ಇಳಿಸಿದರು, ಅಲ್ಲಿ ಟೋಬಿ ಅಂತ ಹೆಸರಿಟ್ಟರು, ಆತನೇ ತನ್ನ ಪೂರ್ವಜ ಅಂತ ಹೇಲಿ ಬರೆದರು. 1977ರಲ್ಲಿ ಟಿವಿ ಧಾರಾವಾಹಿ ಬಂತು, ಕೋಟಿಗಟ್ಟಲೆ ಜನ ನೋಡಿದರು. ಅದೇ ವರ್ಷ ಒಬ್ಬ ಬ್ರಿಟಿಷ್ ಪತ್ರಕರ್ತ ಜುಫುರೆಗೆ ಹೋಗಿ, ಕಥೆ ಹೇಳಿದ ಹಿರಿಯರು ನಿಜವಾದ ಗ್ರಿಯೋ ಹೌದಾ ಅಂತಲೇ ಪ್ರಶ್ನೆ ಎತ್ತಿದ. ಬಂದವರಿಗೆ ಏನು ಬೇಕು ಅನ್ನೋದು ಅವರಿಗೆ ಮೊದಲೇ ಗೊತ್ತಿದ್ದಿರಬಹುದು. 1981ರಲ್ಲಿ ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೌನ್ ಮಿಲ್ಸ್ ವರ್ಜೀನಿಯಾದ ಹಳೇ ದಾಖಲೆ ತೆಗೆದು ನೋಡಿದರೆ, ಆ ಟೋಬಿ 1767ಕ್ಕೂ ಮುಂಚೆಯೇ ಅದೇ ಯಜಮಾನರ ಮನೆಯಲ್ಲಿದ್ದ! ಹಡಗು ಬರೋ ಮೊದಲೇ ಇದ್ದವನು ಹಡಗಿನಲ್ಲಿ ಹೇಗೆ ಬಂದ?

ಇದರಿಂದ ಹೇಲಿ ಕೆಲಸ ಬರೀ ಸುಳ್ಳು ಅಂತ ನಮಗೆ ಅನ್ನಿಸಲ್ಲ. ತಮ್ಮ ಮನೆತನ ಹುಡುಕೋದು ಸಾಧ್ಯ ಅಂತ ಕಪ್ಪು ಅಮೆರಿಕನ್ನರಿಗೆ ಧೈರ್ಯ ಕೊಟ್ಟಿದ್ದು ಅದೇ ಪುಸ್ತಕ. ಹಡಗು, ವರ್ಷ, ಊರು ಅಂತ ಖಚಿತವಾಗಿ ಬರೆದಿದ್ದರಿಂದಲೇ ಬೇರೆಯವರು ಚೆಕ್ ಮಾಡೋಕೆ ಆಯ್ತು. ತೊಂದರೆ ಆಗಿದ್ದು ಕೇಳಿದ ಕಥೆ, ಕಂಡ ದಾಖಲೆ, ಊಹೆ ಮೂರೂ ಒಂದೇ ಧ್ವನಿಯಲ್ಲಿ ಬಂದಿದ್ದರಿಂದ.

ನಮ್ಮ ಅಜ್ಜ ಎಂಜಿನಿಯರಿಂಗ್ ಓದಿದವರಲ್ಲ, ಆದರೂ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ "ದೊಡ್ಡತ್ತೆ ಹೇಳಿದ್ದು, ಊರ ಹಬ್ಬದಲ್ಲಿ", "ಕ್ರಯಪತ್ರದಲ್ಲಿ ನೋಡಿದ್ದು" ಅಂತ ಬರೆದಿದ್ದಾರೆ. ನಾವು ಅದನ್ನೇ ಮೂರು ಗುರುತು ಮಾಡಿಕೊಂಡ್ವಿ: ದಾಖಲೆ ಇದ್ದರೆ 'ದಾ', ಹೇಳಿದವರು ಸ್ವತಃ ಕಂಡಿದ್ದರೆ 'ಕಂ', ಅವರೂ ಯಾರಿಂದಲೋ ಕೇಳಿದ್ದಾದರೆ 'ಕೇ'. ಮೂರನೇ ಪುಸ್ತಕದ ಹಳೇ ತಲೆಮಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 'ಕೇ'. ಇರಲಿ, ಹಾಗೇ ಬರೆದಿದ್ದೀವಿ.

ತಾರೀಖಿನ ವಿಷಯ ನಮಗೆ ಎಲ್ಲಕ್ಕಿಂತ ಮಜಾ ಕೊಟ್ಟಿದ್ದು. ಪುಸ್ತಕದಲ್ಲಿ ಒಂದು ಕಡೆ "ಧಾತು ಸಂವತ್ಸರ, ಮಾಘ ಮಾಸ" ಅಂತ ಒಬ್ಬರು ಹುಟ್ಟಿದ್ದು ಇದೆ. ಸಂವತ್ಸರ 60 ವರ್ಷದ ಚಕ್ರ, ಅಂದರೆ ನಮ್ಮ ಭಾಷೆಯಲ್ಲಿ ಮಾಡ್ಯುಲೋ 60. ಧಾತು ಅಂದರೆ 1876-77 ಆಗಬಹುದು (ಜನ ಧಾತು ಬರ ಅಂತ ನೆನೆಸೋ ದೊಡ್ಡ ಕ್ಷಾಮ ಶುರುವಾದ ವರ್ಷ), 1936-37 ಆಗಬಹುದು, 1996-97 ಕೂಡ ಆಗಬಹುದು. ಯಾವುದು ಅಂತ ಗೊತ್ತಾಗಬೇಕಾದರೆ ತಾಯಿಯ ವಯಸ್ಸು, ಅಣ್ಣತಮ್ಮಂದಿರ ವಯಸ್ಸು ಹೋಲಿಸಿ ನೋಡಬೇಕು. ಅಷ್ಟು ಮಾಡಿ 1936 ಅಂತ ಬರೆದರೂ ಆಫ್-ಬೈ-ಒನ್ ಎರರ್! ಸಂವತ್ಸರ ಯುಗಾದಿಗೆ ಶುರುವಾಗುತ್ತೆ, ಮಾಘ ಬರೋದು ಕೊನೆಗೆ, ಆದ್ದರಿಂದ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು 1937. ಹಂಚಿಕೊಳ್ಳುವಾಗ ನಮ್ಮ ಲೆಕ್ಕದ ಜೊತೆ ಅಜ್ಜ ಬರೆದ ಮೂಲ ಸಂವತ್ಸರವನ್ನೂ ಉಳಿಸಿಕೊಂಡಿದ್ದೀವಿ. ಲೆಕ್ಕ ತಪ್ಪಿದ್ದರೆ ಮುಂದೆ ಯಾರಾದರೂ ತಿದ್ದಬಹುದು.

ಇನ್ನೊಂದು, ವಂಶವೃಕ್ಷ ಅಂತ ಹೆಸರಿದ್ದರೂ ಅದು ಮರ ಅಲ್ಲ, ಗ್ರಾಫ್. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಇದು ಬೇಗ ಹೊಳೆಯುತ್ತೆ. ನಮ್ಮ ಕಡೆ ಸೋದರಮಾವನನ್ನ ಮದುವೆಯಾಗೋ ಪದ್ಧತಿ ಇತ್ತಲ್ಲ, ಆ ದಂಪತಿಯ ಮಗುವಿಗೆ ಅಪ್ಪನ ಅಪ್ಪ-ಅಮ್ಮನೇ ಅಮ್ಮನ ಅಜ್ಜ-ಅಜ್ಜಿ ಕೂಡ. ಒಂದೇ ನೋಡ್ ಎರಡು ಲೆವೆಲ್‌ನಲ್ಲಿ ಬರುತ್ತೆ. ಕಾಗದದ ಮೇಲೆ ಮರ ಬರೆದರೆ ಅದೇ ಮನುಷ್ಯರನ್ನ ಎರಡು ಸಲ ಬರೆಯಬೇಕಾಗುತ್ತೆ, ನೋಡಿದವರು ಬೇರೆ ಬೇರೆ ಜನ ಅಂದುಕೊಳ್ತಾರೆ. ಮೊಮ್ಮಗನಿಗೆ ಅಜ್ಜನ ಹೆಸರು ಇಡೋ ರೂಢಿ ಬೇರೆ, ಕೇಳಬೇಕಾ!

ಇದಕ್ಕೇ ಜೆಡ್‌ಕಾಮ್ ಅನ್ನೋ ಫೈಲ್ ಫಾರ್ಮ್ಯಾಟ್ ಇದೆ. ಅಮೆರಿಕದ ಮಾರ್ಮನ್ ಚರ್ಚ್ ತನ್ನ ವಂಶಾವಳಿ ಕೆಲಸಕ್ಕೆ 1984ರಲ್ಲಿ ಹೊರತಂದಿದ್ದು, ಈಗ ಬೇರೆ ಬೇರೆ ಸಾಫ್ಟ್‌ವೇರ್‌ಗಳ ಮಧ್ಯೆ ಡೇಟಾ ಸಾಗಿಸೋಕೆ ಎಲ್ಲರೂ ಬಳಸೋದು. ಬರೀ ಪ್ಲೇನ್ ಟೆಕ್ಸ್ಟ್. ಸಾಲಿನ ಶುರುವಿನಲ್ಲಿ 0, 1, 2 ಅಂತ ಲೆವೆಲ್, ಆಮೇಲೆ ಟ್ಯಾಗ್, ಆಮೇಲೆ ಮಾಹಿತಿ. ವ್ಯಕ್ತಿಗೆ ಒಂದು ರೆಕಾರ್ಡ್, ಸಂಸಾರಕ್ಕೆ ಒಂದು ರೆಕಾರ್ಡ್. ಪ್ರತಿ ಮಾಹಿತಿಗೂ ಮೂಲ ಯಾವುದು ಅಂತ ಅಂಟಿಸೋಕೆ ಬೇರೆ ಟ್ಯಾಗ್. ಹಳೇ ಆವೃತ್ತಿಗಳಲ್ಲಿ ಕನ್ನಡ ಅಕ್ಷರ ಕಷ್ಟ ಇತ್ತು, 2021ರ 7.0 ಆವೃತ್ತಿ ಪೂರ್ತಿ ಯುಟಿಎಫ್-8. ನಾವು ಬಳಸ್ತಿರೋ ಗ್ರಾಂಪ್ಸ್ ಓಪನ್ ಸೋರ್ಸ್, ಪೈಥಾನ್‌ನಲ್ಲಿ ಬರೆದಿದ್ದು, ಕಂಪನಿ ಮುಚ್ಚಿಹೋದರೆ ಏನು ಗತಿ ಅನ್ನೋ ಭಯ ಇಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹಿಂದೆ ನುಡಿಯಲ್ಲೋ ಬರಹದಲ್ಲೋ ಹಳೇ ಫಾಂಟ್ ಬಳಸಿ ಟೈಪ್ ಮಾಡಿಟ್ಟಿದ್ದರೆ ಈಗಲೇ ಯೂನಿಕೋಡಿಗೆ ಬದಲಾಯಿಸಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲ್, ಇಂಗ್ಲಿಷ್ ಅಕ್ಷರಕ್ಕೆ ಟೋಪಿ ಬಾಲ ಹಾಕಿದ ಹಾಗೆ ಕಾಣುತ್ತೆ, ಸರ್ಚ್ ಮಾಡಿದರೆ ಒಂದು ಹೆಸರೂ ಸಿಗಲ್ಲ.

ಟೆಕ್ನಿಕಲ್ ಭಾಗ ಇಷ್ಟೇ, ಒಂದು ವಾರಾಂತ್ಯದಲ್ಲಿ ಕಲಿಯಬಹುದು. ಕಷ್ಟ ಇರೋದು ಮುಂದೆ.

ಅಜ್ಜನ ಮೊದಲ ಪುಸ್ತಕದಲ್ಲಿ ಗಂಡಸರಿಗೆಲ್ಲ ಹೆಸರಿದೆ. ಹೆಣ್ಣುಮಕ್ಕಳು ತುಂಬಾ ಕಡೆ "2 ಹೆಣ್ಣು", "3 ಹೆಣ್ಣು" ಅಂತ ಅಷ್ಟೇ. ಹೇಳಿದವರು ಹಾಗೇ ಹೇಳಿದ್ದರಂತೆ. ನಾವು ಅವರ ಹೆಸರು ಹುಡುಕೋಕೆ ಶುರುಮಾಡಿ ನೆಂಟರಿಗೆ ಫೋನ್ ಮಾಡಿದಾಗ ಒಬ್ಬರು ನೇರವಾಗಿ ಕೇಳಿದರು: "ಇದನ್ನೆಲ್ಲ ಈಗ ಯಾಕೆ ಕೆದಕ್ತೀರಾ?" ಮೊದಲು ಅರ್ಥ ಆಗಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಅನ್ನೋ ತಿದ್ದುಪಡಿ ಕರ್ನಾಟಕದಲ್ಲಿ ಕೆಲವು ಷರತ್ತುಗಳ ಜೊತೆ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಹಾಗಾಗಿ ಕೆಲವು ಮನೆಗಳಲ್ಲಿ ಹೆಣ್ಣಿನ ಹೆಸರು ಬರೆಯೋದು ಅಂದರೆ ಪಾಲು ಕೇಳಿದ ಹಾಗೆ. ನಮ್ಮ ಫೈಲು ಕಾನೂನಿನ ದಾಖಲೆ ಅಲ್ಲ, ಪೌತಿ ಖಾತೆಗೆ ನಡೆಯಲ್ಲ ಅಂತ ಹೇಳಿದ್ವಿ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ಹೆಸರು ಬಿಡೋದಿಲ್ಲ ಅಂತ ನಾವು ಮೂವರೂ ಒಪ್ಪಿದ್ದೀವಿ. ಹೆಣ್ಣುಮಕ್ಕಳ ಕೊಂಡಿ ತೆಗೆದರೆ ಅರ್ಧ ಗ್ರಾಫ್ ತುಂಡಾಗುತ್ತೆ, ಹೊರಗಿನಿಂದ ಹುಡುಕಿಕೊಂಡು ಬರೋರು ಬರೋದೂ ಆ ಕೊಂಡಿಯಿಂದಲೇ.

ನಾವು ಮೂವರೂ ಒಪ್ಪದ ವಿಷಯವೂ ಇದೆ. ದತ್ತು, ಎರಡನೇ ಮದುವೆ, ಮನೆ ಬಿಟ್ಟು ಹೋದವರು, ಇಂಥ ಸಾಲುಗಳು ಯಾವ ಮನೆ ಪುಸ್ತಕದಲ್ಲಿ ಇರಲ್ಲ? ನಮ್ಮದರಲ್ಲೂ ಇವೆ, ಏನು ಅಂತ ಇಲ್ಲಿ ಬರೆಯಲ್ಲ. ಇತಿಹಾಸ ಅಂದಮೇಲೆ ಎಲ್ಲಾ ಹಾಕಬೇಕು ಅನ್ನೋದು ಒಬ್ಬರ ವಾದ. ಅದು ಅವರ ಬದುಕು, ನಮ್ಮ ಸಬ್ಜೆಕ್ಟ್ ಅಲ್ಲ ಅನ್ನೋದು ಇನ್ನಿಬ್ಬರದ್ದು. ಅಜ್ಜನನ್ನ ಕೇಳಿದರೆ, "ಸತ್ತವರದ್ದು ನೋಡಿ ಹಾಕಿ, ಬದುಕಿರೋರದ್ದು ಕೇಳಿ ಹಾಕಿ" ಅಂದರು. ಸದ್ಯಕ್ಕೆ ಅಂಥ ಸಾಲುಗಳಿಗೆ ಖಾಸಗಿ ಅಂತ ಟ್ಯಾಗ್ ಹಾಕಿ ಎರಡು ಫೈಲ್ ಮಾಡಿದ್ದೀವಿ, ಒಂದು ಮನೆಗೆ, ಒಂದು ಹೊರಗೆ.

ಬದುಕಿರೋರ ವಿಷಯದಲ್ಲಿ ಮಾತ್ರ ಚರ್ಚೆಯೇ ಇಲ್ಲ. ಹೊರಗಿನ ಫೈಲಿನಲ್ಲಿ ಅವರ ಹೆಸರು, ಹುಟ್ಟಿದ ದಿನ, ಊರು ಯಾವುದೂ ಇರಲ್ಲ, 'ಜೀವಂತ' ಅಂತಷ್ಟೇ. ಸತ್ತ ದಿನ ಗೊತ್ತಿಲ್ಲದವರು ಹುಟ್ಟಿ 100 ವರ್ಷ ದಾಟಿರದಿದ್ದರೆ ಅವರೂ ಜೀವಂತ ಅಂತಲೇ ಲೆಕ್ಕ. ತಾಯಿಯ ತವರು ಮನೆ ಹೆಸರನ್ನ ಸೆಕ್ಯುರಿಟಿ ಪ್ರಶ್ನೆಯಾಗಿ ಕೇಳೋ ಕಾಲದಲ್ಲಿ ಪೂರ್ತಿ ವಂಶವೃಕ್ಷ ಬಯಲಿಗಿಡೋದು ಪಾಸ್‌ವರ್ಡ್ ಅಂಟಿಸಿದ ಹಾಗೆ. ಡಿಎನ್‌ಎ ಟೆಸ್ಟ್ ಮಾಡಿಸಿ ಅಪ್‌ಲೋಡ್ ಮಾಡೋ ಆಸೆ ಇದ್ದವರು ಒಂದು ತಿಳ್ಕೊಳ್ಳಿ: 2018ರಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು ದಶಕಗಳ ಹಿಂದಿನ ಕೊಲೆಗಾರನನ್ನ ಹಿಡಿದಿದ್ದು ಅವನ ದೂರದ ನೆಂಟರು ಹಾಕಿದ್ದ ಡಿಎನ್‌ಎ ಮೂಲಕ. ಅಲ್ಲಿ ಒಳ್ಳೇದೇ ಆಯ್ತು, ಆದರೆ ನಾವು ಹಾಕೋದು ನಮ್ಮೊಬ್ಬರ ಡೇಟಾ ಅಲ್ಲ ಅನ್ನೋದೂ ಗೊತ್ತಾಯ್ತು.

ಕೊನೆಗೆ, ಒಂದೇ ಕಡೆ ಇಡಬೇಡಿ. ನಾವು ಹೊರಗಿನ ಫೈಲಿನ ಜೊತೆ ಸಾಮಾನ್ಯ ಜನ ಓದೋ ಹಾಗೆ ಒಂದು ಸಣ್ಣ ಪುಸ್ತಕವನ್ನೂ ಮಾಡ್ತಿದ್ದೀವಿ, ದೊಡ್ಡ ಅಕ್ಷರದಲ್ಲಿ, ಊರಿನ ಲೈಬ್ರರಿಗೆ ಒಂದು ಪ್ರತಿ, ಹೆಣ್ಣು ಕೊಟ್ಟ ಮತ್ತು ತಂದ ಊರುಗಳ ನೆಂಟರಿಗೆ ಒಂದೊಂದು. ಪ್ರತಿ ಪುಟದ ಬಲಗಡೆ ಖಾಲಿ ಜಾಗ ಬಿಟ್ಟಿದ್ದೀವಿ, ಓದಿದವರು ಪೆನ್ಸಿಲಿನಲ್ಲಿ ತಿದ್ದಲಿ ಅಂತ. ಮೊದಲ ಲಾಂಗ್‌ಬುಕ್ ಮುಗಿದಿದೆ, ದಸರಾ ರಜೆಗೆ ಎರಡನೇದು. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದು, ನಮ್ಮ ಟೆಂಪ್ಲೇಟ್ ಬೇಕಿದ್ದರೆ ಕ್ಲಬ್ ರೂಮಿನಲ್ಲಿ ಕೇಳಿ, ಪೆನ್‌ಡ್ರೈವ್ ತನ್ನಿ.