ಜೊತೆಗಾರ ಸರ್ವರ್‌ನ ಕರೆಂಟ್ ಕಡಿಯುವುದೇಕೆ?

ಪ್ರಶ್ನೆ: ಉತ್ತರ ಕೊಡದ ಸರ್ವರ್‌ನ ಕರೆಂಟನ್ನು ಇನ್ನೊಂದು ಸರ್ವರ್ ಕಡಿಯುವಂತೆ ಹೊಂದಿಸಲು ಮಗಳಿಗೆ ಸಿಸ್ಟಮ್ ಅಡ್ಮಿನ್ ತರಬೇತಿಯಲ್ಲಿ ಕಲಿಸುತ್ತಿದ್ದಾರಂತೆ. ಸೇವೆ ನಿಲ್ಲಬಾರದು ಅಂತ ತಾನೇ ಕ್ಲಸ್ಟರ್ ಕಟ್ಟುವುದು?

ಉತ್ತರ: ಹೌದು, ಆದರೆ ಸೇವೆಗಿಂತ ಡೇಟಾ ದೊಡ್ಡದು. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಆ ಸರ್ವರ್ ಸತ್ತಿದೆ ಎಂದಲ್ಲ. ನಡುವಿನ ಕೇಬಲ್ ಕಿತ್ತುಹೋಗಿ, ಅದು ಹಂಚಿಕೊಂಡ ಡಿಸ್ಕಿಗೆ ಇನ್ನೂ ಬರೆಯುತ್ತಲೇ ಇರಬಹುದು. ಆಗ ಇನ್ನೊಂದೂ ಅದೇ ಡಿಸ್ಕನ್ನು ಮೌಂಟ್ ಮಾಡಿದರೆ ಮುಗಿಯಿತು: ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಮ್ ಇರುವುದು ಒಂದೇ ಸರ್ವರ್‌ಗೆ, ಎರಡೂ ಬರೆದರೆ ಎಲ್ಲ ಕೆಡುತ್ತದೆ. ಲಾಕ್‌ಗಳ ಮೂಲಕ ಹಂಚಿಕೊಳ್ಳುವ ಜಿಎಫ್‌ಎಸ್2ಗೂ ಫೆನ್ಸಿಂಗ್ (ಹೀಗೆ ಕರೆಂಟ್ ಕಡಿದೋ ಬೇರೆ ರೀತಿಯಲ್ಲೋ ಉತ್ತರ ಕೊಡದ ಸರ್ವರನ್ನು ಡಿಸ್ಕಿನಿಂದ ದೂರವಿಡುವುದು) ಬೇಕೇ ಬೇಕು.

ಲಿನಕ್ಸ್‌ನಲ್ಲಿ ಕೊರೊಸಿಂಕ್ ಎಂಬ ತಂತ್ರಾಂಶ ಕ್ಲಸ್ಟರ್‌ನ ಸರ್ವರ್‌ಗಳ ಬಹುಮತ ಎಣಿಸುತ್ತದೆ, ಉದಾಹರಣೆಗೆ 3ರಲ್ಲಿ 2. ಬಹುಮತವಿರುವ ಕಡೆಯ ಪೇಸ್‌ಮೇಕರ್ (ಸೇವೆಗಳನ್ನು ನಿರ್ವಹಿಸುವ ತಂತ್ರಾಂಶ), ಸರ್ವರನ್ನು ದೂರದಿಂದ ನಿಯಂತ್ರಿಸುವ ಐಪಿಎಂಐ ಮೂಲಕವೋ ಪವರ್ ಸ್ವಿಚ್ ಮೂಲಕವೋ ಕಾಣೆಯಾದ ಸರ್ವರನ್ನು ಆಫ್ ಮಾಡಿಸಿ, ಆಫ್ ಆದ ಖಾತ್ರಿ ಸಿಕ್ಕ ಮೇಲೆಯೇ ಸೇವೆಯನ್ನು ಬೇರೆಡೆ ಶುರುಮಾಡುತ್ತದೆ. ಸಿಗದಿದ್ದರೆ ಕಾಯುತ್ತದೆ. ಆ ಕಾಯುವಿಕೆ ಕಿರಿಕಿರಿ ಎಂದು ಈ ಫೆನ್ಸಿಂಗ್ ನಡೆಸುವ ಸ್ಟೋನಿತ್ ಆಯ್ಕೆಯನ್ನೇ ಆಫ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ಬೇಡ. ಲ್ಯಾಬ್‌ನಲ್ಲಿ ರೀಬೂಟ್ ಕಮಾಂಡ್ ಕೊಟ್ಟು ಪರೀಕ್ಷಿಸಿದರೆ ಸಾಲದು. ಡಿಸ್ಕಿಗೆ ಬರೆಯುತ್ತಿರುವಾಗಲೇ ಕ್ಲಸ್ಟರ್ ನೆಟ್‌ವರ್ಕಿನ ಕೇಬಲ್ ಕಿತ್ತು ನೋಡಲು ಮಗಳಿಗೆ ಹೇಳಿ.