ಲೋಹಿಯಾ ಅವರ ಭಾಷಾನೀತಿಯೂ ಬಡವರ ಶಾಲೆಯೂ

‘ಅಂಗ್ರೇಜಿ ಹಠಾವೊ’ ಎಂಬ ಕೂಗನ್ನು ಕೇಳಿದವರು ನಮ್ಮ ದೇಶದಲ್ಲಿ ಲಕ್ಷಾಂತರ ಮಂದಿ. ಆ ಕೂಗನ್ನೆಬ್ಬಿಸಿದ ಡಾ. ರಾಮಮನೋಹರ ಲೋಹಿಯಾ ಅವರು ಅದರ ಜತೆಗೆ ಮುಂದಿಟ್ಟ ಯೋಜನೆ ಯಾವುದೆಂದು ವಿಚಾರಿಸಿದವರು ಬಹು ವಿರಳ. ದಕ್ಷಿಣದಲ್ಲಿ ಆ ಎರಡು ಶಬ್ದಗಳ ಹಿಂದೆ ‘ಹಿಂದಿ ಲಾವೊ’ ಎಂಬ ಇನ್ನೆರಡು ಶಬ್ದಗಳು ಅಡಗಿವೆಯೆಂದೇ ಭಾವಿಸಲಾಯಿತು. ಉತ್ತರದ ಅನೇಕ ಉತ್ಸಾಹಿಗಳು ಹಾಗೆಯೇ ನಡೆದುಕೊಂಡದ್ದರಿಂದ ಆ ಶಂಕೆ ಕೇವಲ ನಿರಾಧಾರವೆನ್ನುವಂತೆಯೂ ಇರಲಿಲ್ಲ.

ಲೋಹಿಯಾ ಇಂಗ್ಲಿಷು ಬಾರದೆ ಇಂಗ್ಲಿಷನ್ನು ದ್ವೇಷಿಸಿದವರಲ್ಲ. 1910ರ ಮಾರ್ಚ್ 23ರಂದು ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ ಜನಿಸಿದ ಅವರು ಬರ್ಲಿನ್ನಿನಲ್ಲಿ ವ್ಯಾಸಂಗ ಮಾಡಿ 1933ರಲ್ಲಿ ಡಾಕ್ಟರ್ ಪದವಿ ಪಡೆದರು. ಜರ್ಮನರು ಅತ್ಯುಚ್ಚ ವಿದ್ಯೆಯನ್ನೂ ತಮ್ಮ ಮನೆಯ ಮಾತಿನಲ್ಲಿಯೇ ಕಲಿಯುವುದನ್ನು ಕಣ್ಣಾರೆ ಕಂಡರು. 1956ರಿಂದ ಹೈದರಾಬಾದಿನಲ್ಲಿ ‘ಮ್ಯಾನ್‌ಕೈಂಡ್’ ಎಂಬ ಇಂಗ್ಲಿಷು ಪತ್ರಿಕೆಯನ್ನು ನಡೆಸಿದವರೂ ಅವರೇ. 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಅವರ ವಿರುದ್ಧ ಸ್ಪರ್ಧಿಸಿ ಸೋತು, ಮರುವರ್ಷ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದರು. ಬಂದ ವರ್ಷವೇ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹಿಂದಿಯಲ್ಲಿ ವಾದಿಸಿ ಸರಕಾರವನ್ನು ಲೆಕ್ಕ ಒಪ್ಪಿಸುವಂತೆ ಮಾಡಿದರು.

ಆಗಿನ ಸನ್ನಿವೇಶವನ್ನು ಸ್ವಲ್ಪ ನೆನೆಯಬೇಕು. ಸಂವಿಧಾನವು ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯೆಂದಿತು (‘ರಾಷ್ಟ್ರಭಾಷೆ’ ಎಂಬ ಬಿರುದನ್ನು ಅದು ಯಾವ ಭಾಷೆಗೂ ಕೊಟ್ಟಿಲ್ಲ). ಇಂಗ್ಲಿಷಿಗೆ 1965ರ ಜನವರಿ 26ರವರೆಗೆ ಹದಿನೈದು ವರ್ಷಗಳ ಅವಧಿಯನ್ನು ಕೊಟ್ಟಿತು. ಬಿ. ಜಿ. ಖೇರರ ಆಯೋಗ 1956ರಲ್ಲಿ ವರದಿ ಒಪ್ಪಿಸಿತು. ಹಿಂದಿಯಲ್ಲದ ಪ್ರಾಂತಗಳವರು ಬಯಸುವವರೆಗೆ ಇಂಗ್ಲಿಷು ಇರುವುದೆಂದು 1959ರಲ್ಲಿ ನೆಹರೂ ಅಭಯವಿತ್ತರು. 1963ರಲ್ಲಿ ಆಡಳಿತ ಭಾಷಾ ಶಾಸನ ಬಂದಿತು.

ಈ ಚರ್ಚೆಯೆಲ್ಲವೂ ಹಿಂದಿಯೋ ಇಂಗ್ಲಿಷೋ ಎಂಬುದರ ಸುತ್ತ ಸುತ್ತುತ್ತಿದ್ದಾಗ ಲೋಹಿಯಾ ಬೇರೊಂದು ಪ್ರಶ್ನೆಯನ್ನು ಕೇಳಿದರು: ಕಚೇರಿಯ ಒಳಗೆ ಕುಳಿತವನಾರು, ಹೊರಗೆ ನಿಂತವನಾರು? ನಮ್ಮಲ್ಲಿ ಆಳುವ ವರ್ಗಕ್ಕೆ ಮೇಲುಜಾತಿ, ಹಣ, ಇಂಗ್ಲಿಷು ವಿದ್ಯೆ ಎಂಬ ಮೂರು ಲಕ್ಷಣಗಳಿವೆಯೆಂದೂ, ಇವುಗಳಲ್ಲಿ ಎರಡಾದರೂ ಕೂಡಿದವನಿಗೇ ಬಾಗಿಲು ತೆರೆಯುವುದೆಂದೂ ಅವರು ಪ್ರತಿಪಾದಿಸಿದರು. ತನ್ನ ಮೇಲಿನ ತೀರ್ಪು ತನಗೇ ತಿಳಿಯದ ಕಕ್ಷಿಗಾರನು ಯಾವ ಸ್ವರಾಜ್ಯದ ಪ್ರಜೆ ಎಂಬುದು ಅವರ ವಾದದ ತಿರುಳು.

ಮುಂಬಯಿಯ ಹಳೆಯ ತಲೆಮಾರಿನ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲೆಲ್ಲ ಹೊಟೆಲಿನಲ್ಲಿ ದುಡಿದು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗರಲ್ಲಿ, ಗಣಿತ ಇತಿಹಾಸಗಳನ್ನು ದಾಟಿ ಇಂಗ್ಲಿಷೊಂದರಲ್ಲಿ ಮುಗ್ಗರಿಸಿದವರೆಷ್ಟು! ಅದನ್ನೂ ದಾಟಿ ಆಫೀಸು ಸೇರಿದವನು ಸಾಹೇಬರ ಟಿಪ್ಪಣಿಯನ್ನು ನಕಲು ಮಾಡುತ್ತ ಗುಮಾಸ್ತನಾಗಿಯೇ ಉಳಿದದ್ದೂ ಉಂಟು. ಬುದ್ಧಿಯಲ್ಲಿ ಅವನೇನು ಕಡಮೆಯವನಾಗಿರಲಿಲ್ಲ.

ಇನ್ನು ಯೋಜನೆಯ ವಿಚಾರ. ಪದವಿಯವರೆಗಿನ ಶಿಕ್ಷಣ ಅವರವರ ಮಾತೃಭಾಷೆಯಲ್ಲಿಯೇ ನಡೆಯಬೇಕು. ಇಂಗ್ಲಿಷನ್ನು ಬೇಕಾದವನು ಕಲಿಯಲಿ, ಅದು ಕಡ್ಡಾಯವಾಗಕೂಡದು. ಕೇಂದ್ರವು ರಾಜ್ಯಗಳಿಗೆ ಹಿಂದಿಯಲ್ಲಿ ಬರೆದರೆ ರಾಜ್ಯಗಳು ಸದ್ಯಕ್ಕೆ ತಮ್ಮ ಭಾಷೆಯಲ್ಲಿಯೇ ಉತ್ತರಿಸಬಹುದು. ಲೋಕಸಭೆಯಲ್ಲಿ ಹಿಂದಿ ಬಾರದ ಸದಸ್ಯನು ತನ್ನ ನುಡಿಯಲ್ಲಿ ಮಾತಾಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಕೇಂದ್ರದ ಗೆಜೆಟೆಡ್ ಹುದ್ದೆಗಳನ್ನು ಹತ್ತು ವರ್ಷಗಳ ಕಾಲ ಹಿಂದಿಯೇತರರಿಗೇ ಮೀಸಲಿಡಬೇಕು! ಹಿಂದಿ ಪ್ರಾಂತದಲ್ಲಿ ಮತ ಕೇಳುವ ನಾಯಕನೊಬ್ಬನು ಈ ಮಾತನ್ನಾಡಿದನೆಂಬುದನ್ನು ಗಮನಿಸಬೇಕು.

ಈ ಯೋಜನೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಹತ್ತು ವರ್ಷಗಳ ತರುವಾಯ ಗತಿಯೇನೆಂಬ ಪ್ರಶ್ನೆಗೆ ತಮಿಳನಿಗಾಗಲಿ ಕನ್ನಡಿಗನಿಗಾಗಲಿ ಸಮಾಧಾನ ದೊರೆಯಲಿಲ್ಲ. ಉಚ್ಚ ನ್ಯಾಯಾಲಯಗಳಲ್ಲಿ ಹಿಂದುಸ್ತಾನಿ ಇರಬೇಕೆಂಬ ಅವರ ಸಲಹೆ ಅವರದೇ ಒರೆಗಲ್ಲಿನಲ್ಲಿ ನಿಲ್ಲುವುದಿಲ್ಲ. ಧಾರವಾಡದ ರೈತನಿಗೆ ಹಿಂದಿಯ ತೀರ್ಪೂ ಇಂಗ್ಲಿಷಿನ ತೀರ್ಪಿನಷ್ಟೇ ದೂರ. ಅದಿರಲಿ, ಇದನ್ನೆಲ್ಲ ಕುಳಿತು ಚರ್ಚಿಸುವ ತಾಳ್ಮೆ ಯಾರಿಗಿತ್ತು? ಉತ್ತರದಲ್ಲಿ ಇಂಗ್ಲಿಷು ಫಲಕಗಳಿಗೆ ಡಾಂಬರು ಬಳಿಯಲಾಯಿತು. 1965ರಲ್ಲಿ ಮದರಾಸು ಪ್ರಾಂತವು ಹಿಂದಿಯ ವಿರುದ್ಧ ಹೊತ್ತಿ ಉರಿಯಿತು; ಸಿ. ಸುಬ್ರಹ್ಮಣ್ಯಂ ಮತ್ತು ಒ. ವಿ. ಅಳಗೇಶನ್ ಅವರು ಕೇಂದ್ರ ಮಂತ್ರಿಮಂಡಲಕ್ಕೆ ರಾಜೀನಾಮೆಯಿತ್ತರು.

ಕನ್ನಡನಾಡಿನಲ್ಲಿ ಲೋಹಿಯಾ ವಿಚಾರವು ಹಿಂದಿಯ ವೇಷದಲ್ಲಿ ಬರಲಿಲ್ಲವೆಂಬುದು ವಿಶೇಷ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕಾಗಿ ಬಂದು ಅವರು ಬಂಧನಕ್ಕೊಳಗಾದರು. ಆ ಹೋರಾಟದಿಂದ ಮೇಲೆದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸನಸಭೆಯನ್ನು ಸೇರಿ, ವಿರೋಧ ಪಕ್ಷದ ಸಾಲಿನಿಂದ ಆಡಳಿತವು ಕನ್ನಡದಲ್ಲಿ ನಡೆಯಬೇಕೆಂದು ಪಟ್ಟುಹಿಡಿದರು. ಗುರುವಿನ ತತ್ತ್ವ ಶಿಷ್ಯನ ಬಾಯಲ್ಲಿ ಕನ್ನಡವಾಯಿತು.

ಲೋಹಿಯಾ ಅವರ ಪಕ್ಷಕ್ಕೆ ಅಧಿಕಾರದ ಪಾಲು ಸಿಕ್ಕಿದ್ದು 1967ರಲ್ಲಿ. ಬಿಹಾರದಲ್ಲಿ ಶಿಕ್ಷಣ ಮಂತ್ರಿಯಾದ ಕರ್ಪೂರಿ ಠಾಕೂರರು ಮೆಟ್ರಿಕ್ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಉತ್ತೀರ್ಣನಾಗಲೇಬೇಕೆಂಬ ನಿಯಮವನ್ನು ತೆಗೆದರು. ಬಡವರ ಮಕ್ಕಳು, ಹಿಂದುಳಿದ ಜಾತಿಗಳ ಮಕ್ಕಳು ಮೆಟ್ರಿಕ್ ದಾಟಿದರು. ‘ಕರ್ಪೂರಿ ಡಿವಿಜನ್’ ಎಂದು ಉಳ್ಳವರು ಅವರನ್ನು ಗೇಲಿಮಾಡಿದರು. ಅದೇ ವರ್ಷದ ಅಕ್ಟೋಬರ್ 12ರಂದು ಲೋಹಿಯಾ ದೆಹಲಿಯಲ್ಲಿ ತೀರಿಕೊಂಡರು.

ಆದರೆ ಯೋಜನೆಯ ಇನ್ನೊಂದು ಭಾಗ ಹಾಗೆಯೇ ಉಳಿಯಿತು. ಪ್ರಾಥಮಿಕ ಹಂತದಲ್ಲಿ ಶ್ರೀಮಂತರಿಗೆ ಬೇರೆ ಶಾಲೆ ಇರಲೇಕೂಡದು, ರಾಷ್ಟ್ರಪತಿಯ ಮಗುವೂ ಜವಾನನ ಮಗುವೂ ಪುರಸಭೆಯ ಒಂದೇ ಶಾಲೆಯಲ್ಲಿ ಕುಳಿತುಕೊಳ್ಳಬೇಕು ಎಂಬುದು ಲೋಹಿಯಾ ಅವರ ಬೇಡಿಕೆಯಾಗಿತ್ತು. 1966ರಲ್ಲಿ ಕೊಠಾರಿ ಆಯೋಗವೂ ಸಮಾನ ಶಾಲೆಯ ಮಾತನ್ನು ಹೇಳಿತು. ಅದು ಕಾಗದದಲ್ಲಿಯೇ ಉಳಿಯಿತು. ಬಡವನ ಶಾಲೆಯಲ್ಲಿ ಇಂಗ್ಲಿಷಿನ ಬಿಗಿ ಸಡಿಲವಾಯಿತು, ಸಾಹೇಬರ ಮಕ್ಕಳ ಶಾಲೆಯಲ್ಲಿ ಮಾತ್ರ ಅದು ಮೊದಲಿನಂತೆಯೇ ಮೆರೆಯಿತು. ನೌಕರಿಯ ಬಾಗಿಲಲ್ಲಿ ಇಬ್ಬರೂ ಎದುರಾದಾಗ ಗೆದ್ದವನಾರೆಂದು ಕೇಳಬೇಕೆ? ಎರಡೂ ಭಾಗಗಳು ಕೂಡಿ ಬರಬೇಕಾಗಿತ್ತು. ಒಂದೇ ಬಂದದ್ದರಿಂದ ಬಡವನಿಗೆ ನಷ್ಟವೂ ಆಯಿತೆಂಬುದು ನಮ್ಮ ಅಭಿಪ್ರಾಯ.

ಬಾಗಿಲುಗಳೇನೋ ಒಂದೊಂದಾಗಿ ತೆರೆದಿವೆ. 1979ರಿಂದ ಕೇಂದ್ರ ಲೋಕಸೇವಾ ಆಯೋಗದ ಉನ್ನತ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 2024ರಿಂದ ಕೇಂದ್ರ ಪೊಲೀಸು ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ ಕನ್ನಡದಲ್ಲಿದೆ. ಶಾಲೆಯ ಮಾತು ಬೇರೆ. 2015ರ ಆಗಸ್ಟಿನಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು, ಸರಕಾರದ ಸಂಬಳ ಪಡೆಯುವ ಅಧಿಕಾರಿಗಳು, ಶಾಸಕರು, ನ್ಯಾಯಾಧೀಶರು ಎಲ್ಲರೂ ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳುಹಿಸುವಂತೆ ಏರ್ಪಾಡು ಮಾಡಬೇಕೆಂದು ಲೋಹಿಯಾ ಹುಟ್ಟಿದ ರಾಜ್ಯದ ಸರಕಾರಕ್ಕೆ ಆಜ್ಞಾಪಿಸಿತು. ಆ ಆಜ್ಞೆ ಆಚರಣೆಗೆ ಬರಲಿಲ್ಲ.