ನೆತ್ತರಿನಲ್ಲಿ ಬರುವ ಪಿತ್ರಾರ್ಜಿತ

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದರಿಂದ ಜೀವ ಉಳಿಯುತ್ತದೆ. ಗಾಯವಿಲ್ಲದೆ ನಾಳದೊಳಗೇ ಹೆಪ್ಪುಗಟ್ಟಿದರೆ ಅದೇ ಪ್ರಾಣಾಂತಿಕವಾಗುತ್ತದೆ. ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂಬ ಪ್ರೋಟೀನುಗಳು ಈ ಕ್ರಿಯೆ ಮಿತಿಮೀರದಂತೆ ತಡೆಯುತ್ತವೆ. ಕೆಲವರಲ್ಲಿ ಇವು ಹುಟ್ಟಿನಿಂದಲೇ ಕಡಿಮೆ.

ಇಂತಹ ಕೊರತೆ ವಂಶಾನುಗತವಾಗಿ ಬರುವುದನ್ನು 1965ರಲ್ಲಿ ನಾರ್ವೆಯ ಒಲಾವ್ ಎಗೆಬರ್ಗ್ ಒಂದು ಕುಟುಂಬದಲ್ಲಿ ಗುರುತಿಸಿದರು. 1994ರಲ್ಲಿ ಹಾಲೆಂಡಿನ ಲೈಡನ್ ನಗರದ ಸಂಶೋಧಕರು ಇನ್ನೊಂದು ದೋಷವನ್ನು ಕಂಡುಹಿಡಿದರು. ಫ್ಯಾಕ್ಟರ್ ಫೈವ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಅದು ಪ್ರೋಟೀನ್ ಸಿಯ ಅಂಕೆಗೆ ಸುಲಭವಾಗಿ ಸಿಗುವುದಿಲ್ಲ. ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಈ ದೋಷ ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 5 ಮಂದಿಯಲ್ಲಿದೆ. ಭಾರತೀಯರಲ್ಲಿ ಅದಕ್ಕಿಂತ ವಿರಳ.

ಪಿತ್ರಾರ್ಜಿತವೆಂದರೂ ಇದು ತಂದೆಯಿಂದ ಬಂದಂತೆಯೇ ತಾಯಿಯಿಂದಲೂ ಬರುತ್ತದೆ. ಹೆತ್ತವರಲ್ಲಿ ಒಬ್ಬರಿಗೆ ದೋಷದ ಒಂದು ಪ್ರತಿಯಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಬಂದವರೆಲ್ಲ ರೋಗಿಗಳಾಗುವುದಿಲ್ಲ, ಹಲವರು ಏನೂ ಆಗದೆ ಬಾಳುತ್ತಾರೆ. ಶಸ್ತ್ರಚಿಕಿತ್ಸೆ, ದೀರ್ಘಕಾಲ ಹಾಸಿಗೆ ಹಿಡಿಯುವುದು, ಗರ್ಭಧಾರಣೆ, ಬಾಣಂತನ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಇವು ಜೊತೆಗೂಡಿದಾಗ ಅಪಾಯ ಹೆಚ್ಚುತ್ತದೆ.

ಆದುದರಿಂದಲೇ ಮನೆತನದ ಮಾತು ಮುಖ್ಯ. ಸಂಬಂಧ ಕೂಡಿಬರದೆಂಬ ಅಂಜಿಕೆಯಿಂದ ಇಂತಹ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ತವರಿನವರು ಮುಚ್ಚಿಟ್ಟ ಸಂಗತಿಯ ಬೆಲೆಯನ್ನು ಹೆರಿಗೆಯ ವೇಳೆ ಮಗಳು ತೆರಬೇಕಾದೀತು. ಮೊದಲೇ ತಿಳಿದರೆ ಹೆಪಾರಿನ್ ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬಲ್ಲರು.

ಎಲ್ಲರಿಗೂ ಪರೀಕ್ಷೆ ಬೇಕಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಹೆಪ್ಪುಗಟ್ಟಿದವರು, ಒಡಹುಟ್ಟಿದವರಿಗೋ ಹೆತ್ತವರಿಗೋ ಹಾಗಾಗಿರುವವರು ವೈದ್ಯರನ್ನು ಕೇಳಬೇಕು. ವಾರ್ಫರಿನ್ ಸೇವಿಸುವಾಗ ಪ್ರೋಟೀನ್ ಸಿ, ಎಸ್‌ಗಳ ಪ್ರಮಾಣವೂ, ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್‌ನ ಪ್ರಮಾಣವೂ ತಾನಾಗಿಯೇ ಇಳಿಯುವುದರಿಂದ ಪರೀಕ್ಷೆಯ ಕಾಲವನ್ನು ವೈದ್ಯರೇ ಗೊತ್ತುಪಡಿಸಬೇಕು. ಒಂದೇ ಕಾಲು ಊದಿ ನೋಯುವುದು, ಹಠಾತ್ತನೆ ಉಸಿರುಗಟ್ಟುವುದು, ಎದೆನೋವು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಆಸ್ತಿ ಪಾಲಾಗುವಾಗ ಪ್ರತಿಯೊಂದು ಮನೆಯೂ ವಂಶವೃಕ್ಷ ಬರೆಸುತ್ತದೆ. ಅದೇ ವೃಕ್ಷದ ಒಂದು ಪ್ರತಿಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಎಲ್ಲಿ ರಕ್ತ ಹೆಪ್ಪುಗಟ್ಟಿತೆಂದು ಬರೆದಿಡಬೇಕು. ಚಿಕಿತ್ಸೆಗೆಂದು ರಾಜ್ಯದ ಗಡಿ ದಾಟುವ ಕುಟುಂಬಗಳು ಆ ಹಾಳೆಯನ್ನೂ ಹಳೆಯ ವರದಿಗಳನ್ನೂ ಒಟ್ಟಿಗೆ ಕೊಂಡೊಯ್ಯುವುದು ಒಳಿತು.